ಹೊಗೆಯಿಲ್ಲದ ಬೆಂಕಿ

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯ ಕಡೆ, ಮೇ ತಿಂಗಳ ಅಮಾವಾಸ್ಯೆಯಲ್ಲಿ ಮೋಡವಿಲ್ಲದಿದ್ದರೆ, ನಡುರಾತ್ರಿ ಕಳೆದ ಮೇಲೆ ಆಕಾಶಗಂಗೆಯ ಕೇಂದ್ರ ದಕ್ಷಿಣದಲ್ಲಿ ಸುಮಾರು 49 ಡಿಗ್ರಿ ಎತ್ತರಕ್ಕೆ ಬರುತ್ತದೆ. ಬೆಳಕಿನ ಪಟ್ಟೆಯ ನಡುವೆ ಕಪ್ಪು ಸೀಳುಗಳಿವೆ. ಅವು ಖಾಲಿ ಜಾಗವಲ್ಲ. ಅಲ್ಲಿನ ದೂಳು ಹಿಂದಿನ ನಕ್ಷತ್ರಗಳನ್ನು ಮರೆಮಾಡಿದೆ. ದೂಳಿನ ಜೊತೆಗೆ ಅದರ ಸುಮಾರು ನೂರು ಪಟ್ಟು ತೂಕದ ಅನಿಲವಿದೆ, ಬಹುಪಾಲು ಜಲಜನಕ. ಮುಂದಿನ ನಕ್ಷತ್ರಗಳು ಹುಟ್ಟುವುದು ಅದರಿಂದಲೇ. ಕಣ್ಣಿಗೆ ಬೀಳದ ಈ ಅನಿಲದ ನಕ್ಷೆಯನ್ನು ಯಾವ ಅರ್ಥದಲ್ಲಿ ನಂಬಬೇಕು ಎಂಬುದು ಪ್ರಶ್ನೆ.

ಬಿಡಿ ಪರಮಾಣುಗಳಾಗಿರುವ ಜಲಜನಕ ತನ್ನ ಇರವನ್ನು ತಾನೇ ತಿಳಿಸುತ್ತದೆ. ಅದರ ಎಲೆಕ್ಟ್ರಾನಿನ ಸ್ಪಿನ್ ಮಗುಚಿದಾಗ 21 ಸೆಂಟಿಮೀಟರಿನ ರೇಡಿಯೊ ಅಲೆ ಹೊರಡುತ್ತದೆ. ಒಂದು ಪರಮಾಣು ತಾನಾಗಿ ಮಗುಚಲು ಸರಾಸರಿ ಕೋಟಿ ವರ್ಷ ಬೇಕು. ಆದರೂ ಪರಮಾಣುಗಳು ಅಷ್ಟು ಹೇರಳವಾಗಿರುವುದರಿಂದ ಸದ್ದು ಕೇಳುತ್ತದೆ. ಖಗೋಳವಿಜ್ಞಾನಿ ವಾನ್ ಡ ಹುಲ್ಸ್ಟ್ 1944ರಲ್ಲಿ ಊಹಿಸಿದ ಈ ಅಲೆ 1951ರಲ್ಲಿ ಸಿಕ್ಕಿತು. ಪುಣೆಯ ಬಳಿಯ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ಇಂದಿಗೂ ಇದನ್ನು ಆಲಿಸುತ್ತದೆ.

ಎರಡು ಪರಮಾಣು ಕೂಡಿ ಅಣುವಾದೊಡನೆ ಮೌನ. ಜಲಜನಕದ ಅಣುವಿನ ಎರಡೂ ಬದಿ ಒಂದೇ ಸಮ. ಆದ್ದರಿಂದ ಕೊರೆಯುವ ಚಳಿಯ ಅನಿಲ ಮೋಡದೊಳಗೆ ಅದು ಹೊರಸೂಸುವುದು ಏನೂ ಇಲ್ಲವೆಂದೇ ಹೇಳಬೇಕು. ಹಾಗಾಗಿ ಜೊತೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಹುಡುಕುತ್ತಾರೆ. ಹತ್ತು ಸಾವಿರ ಜಲಜನಕದ ಅಣುಗಳಿಗೆ ಅದು ಒಂದರಷ್ಟೇ ಇದ್ದರೂ 2.6 ಮಿಲಿಮೀಟರಿನ ಅಲೆಯಲ್ಲಿ ಚೆನ್ನಾಗಿ ಕಾಣಿಸಿಕೊಳ್ಳುತ್ತದೆ. ಬಾಹ್ಯಾಕಾಶದಲ್ಲಿ ಅದು ಪತ್ತೆಯಾದದ್ದು 1970ರಲ್ಲಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ 1980ರ ದಶಕದಲ್ಲಿ ಎದ್ದ 10.4 ಮೀಟರಿನ ರೇಡಿಯೊ ದೂರದರ್ಶಕದ ತಟ್ಟೆಯೂ ಇಂಥ ಮಿಲಿಮೀಟರ್ ಅಲೆಗಳಿಗಾಗಿಯೇ. ಗಾಳಿಯ ತೇವ ಈ ಅಲೆಗಳನ್ನು ನುಂಗುವುದರಿಂದ ಮಳೆಗಾಲ ಇಂಥ ವೀಕ್ಷಣೆಗೆ ಒಗ್ಗದು.

ಭಾರತೀಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರ ಓದಿದವರಿಗೆ ಇದು ಪರಿಚಿತ ದಾರಿ: ಬೆಟ್ಟದಲ್ಲಿ ಹೊಗೆ, ಆದ್ದರಿಂದ ಬೆಂಕಿ. ಇಲ್ಲಿ ಕಾರ್ಬನ್ ಮಾನಾಕ್ಸೈಡೇ ಹೊಗೆ, ಜಲಜನಕದ ಅಣುವೇ ಬೆಂಕಿ. ಆದರೆ ತಾರ್ಕಿಕರು ಇನ್ನೊಂದು ಮಾತನ್ನೂ ಹೇಳಿದ್ದರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆ ಏಳಬೇಕಾದರೆ ಹಸಿ ಸೌದೆಯೂ ಇರಬೇಕು, ಅದೇ ಉಪಾಧಿ. ಗೆಲಾಕ್ಸಿಯ ತಟ್ಟೆಯಲ್ಲಿ ಆ ಹಸಿ ಸೌದೆ ಯಾವುದೆಂದರೆ ಸಾಕಷ್ಟು ಇಂಗಾಲ, ಆಮ್ಲಜನಕ ಮತ್ತು ನೇರಳಾತೀತ ಕಿರಣವನ್ನು ತಡೆಯುವ ದೂಳು. ಮೋಡದ ಅಂಚಿನಲ್ಲಿ ಕಿರಣಗಳು ಕಾರ್ಬನ್ ಮಾನಾಕ್ಸೈಡನ್ನು ಒಡೆದುಹಾಕುತ್ತವೆ; ಜಲಜನಕದ ಅಣುಗಳು ಒಂದಕ್ಕೊಂದು ಮರೆಯಾಗಿ ಉಳಿದುಕೊಳ್ಳುತ್ತವೆ. ಅಂಥಲ್ಲಿ ನಕ್ಷೆ ಖಾಲಿ, ಮೋಡ ಖಾಲಿಯಲ್ಲ.

ಹಾಗಾದರೆ ಪರಮಾಣುವಿನ ನಕ್ಷೆ ಪ್ರತ್ಯಕ್ಷ, ಅಣುವಿನದು ಬರೀ ಅನುಮಾನ, ಅಂದರೆ ಗುರುತಿನಿಂದ ಮಾಡಿದ ಊಹೆ, ಎನ್ನಬಹುದೇ? ನನಗೆ ಒಪ್ಪಿಗೆಯಿಲ್ಲ. ಅನಿಲ ದಟ್ಟವಾದ ಕಡೆ ಮುಂದಿನ ಪದರ ಹಿಂದಿನದರ 21 ಸೆಂಟಿಮೀಟರಿನ ಅಲೆಯನ್ನು ಹೀರುತ್ತದೆ, ಲೆಕ್ಕಕ್ಕೆ ಸಿಗುವ ತೂಕ ಕಡಿಮೆ ಬೀಳುತ್ತದೆ. ಅಲ್ಲೂ ಊಹೆಯಿದೆ, ಅದರ ಬಗ್ಗೆ ಮಾತು ಕಡಿಮೆ ಅಷ್ಟೆ. ಅನುಮಾನ ಬೆರೆತಿದೆ ಎಂಬುದೊಂದೇ ಕಾರಣಕ್ಕೆ ನಕ್ಷೆ ಕೀಳಾಗುವುದಿಲ್ಲ. ಬೇರೆ ಪ್ರಮಾಣ, ಅಂದರೆ ತಿಳಿಯುವ ಬೇರೆ ದಾರಿ, ಅದನ್ನು ಪರೀಕ್ಷಿಸಬಲ್ಲುದೇ ಎಂಬುದು ಮುಖ್ಯ. ಇಲ್ಲಿ ಬಲ್ಲುದು: ವಿಶ್ವಕಿರಣಗಳು ಅನಿಲಕ್ಕೆ ಬಡಿದಾಗ ಗಾಮಾ ಕಿರಣ ಹುಟ್ಟುತ್ತದೆ, ಪರಮಾಣು–ಅಣುವೆಂಬ ಭೇದ ಅದಕ್ಕಿಲ್ಲ. ದೂಳಿನ ಶಾಖದಿಂದಲೂ ತೂಕ ಅಳೆಯಬಹುದು. ಈ ದಾರಿಗಳಿಂದಲೇ ಕಾರ್ಬನ್ ಮಾನಾಕ್ಸೈಡಿನ ಬೆಳಕನ್ನು ಜಲಜನಕದ ತೂಕಕ್ಕೆ ತಿರುಗಿಸುವ ಗುಣಕವನ್ನು ನಮ್ಮ ಗೆಲಾಕ್ಸಿಗೆ ಗೊತ್ತುಮಾಡಿದ್ದಾರೆ. ಲೋಹಾಂಶ (ಇಂಗಾಲ, ಆಮ್ಲಜನಕದಂಥ ಭಾರ ಧಾತುಗಳು) ಕಡಿಮೆಯಿರುವ ಪುಟ್ಟ ಗೆಲಾಕ್ಸಿಗಳಿಗೆ ಅದೇ ಗುಣಕ ಹೊಂದುವುದಿಲ್ಲ.

ಆದ್ದರಿಂದ ಬಣ್ಣ ತುಂಬಿದ ಗೆಲಾಕ್ಸಿ ಚಿತ್ರ ಕಂಡಾಗ ಓದುಗರು ಕೇಳಬೇಕಾದದ್ದು ಒಂದಿದೆ: ಇದರಲ್ಲಿ ಅಳೆದದ್ದು ಎಷ್ಟು, ಗುಣಿಸಿ ಬರೆದದ್ದು ಎಷ್ಟು?