ಉಗ್ಗುವವನ ಮಾತೂ ಕೇಳುವವರ ತಾಳ್ಮೆಯೂ

ನೆರೆಯವನ ಮಾತು ಬಾಯಲ್ಲಿ ತಡೆದು ನಿಂತಾಗ ಅದನ್ನು ನಾವೇ ಮುಗಿಸಿಕೊಡುವದು ಪ್ರೀತಿಯೋ, ಅನ್ಯಾಯವೋ? ಈ ವಿಷಯದಲ್ಲಿ ನಾವು ತಪ್ಪಿದವರಾದಕಾರಣ ಇದನ್ನು ಬರೆಯುತ್ತೇವೆ.

ವೈಟ್‌ಫೀಲ್ಡಿನ ಆಚೆಯ ಒಂದು ಹಳ್ಳಿಯ ಸಭೆಯಲ್ಲಿ ಉಗ್ಗುಳ್ಳ ಯೌವನಸ್ಥನೊಬ್ಬನಿದ್ದಾನೆ. ಕೀರ್ತನೆ ಹಾಡುವಾಗಲೂ ಎಲ್ಲರೊಡನೆ ಕರ್ತನ ಪ್ರಾರ್ಥನೆಯನ್ನು ಹೇಳುವಾಗಲೂ ಅವನ ನಾಲಿಗೆ ಎಡವದು. ಒಂದು ಭಾನುವಾರ ವೇದಪಾಠವನ್ನು ಓದೆಂದು ಅವನಿಗೆ ಹೇಳಿದೆವು. ಮೊದಲನೆಯ ಮಾತಿನಲ್ಲಿಯೇ ಅವನು ತಡೆದು ನಿಂತನು. ಮಕ್ಕಳು ನಕ್ಕರು. ನಾವು ಕನಿಕರಪಟ್ಟು ಉಳಿದದ್ದನ್ನು ಓದಿ ಮುಗಿಸಿದೆವು. ಆ ಮೇಲೆ ಆರು ವಾರ ಅವನು ಆಲಯಕ್ಕೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಲು, “ಅಯ್ಯನವರೇ, ಮಕ್ಕಳ ನಗೆಯನ್ನು ತಾಳಿಕೊಂಡೆನು; ನೀವು ಪಾಠವನ್ನು ನನ್ನಿಂದ ತೆಗೆದುಕೊಂಡದ್ದನ್ನು ತಾಳಲಾರದೆ ಹೋದೆನು” ಎಂದನು.

ಉಗ್ಗು ತಂದೆತಾಯಿಗಳ ಪಾಪದ ಫಲವೆಂದು ಕೆಲವರು ಹೇಳುವರು. ಕೆಲವರು ಬಜೆಯನ್ನು ತೇಯ್ದು ನಾಲಿಗೆಗೆ ಹಚ್ಚುವರು. ಬಲ್ಲವರು ಹೇಳುವದು ಬೇರೆ. ಇದು ಹೆಚ್ಚಾಗಿ 2ರಿಂದ 5 ವರುಷದ ಪ್ರಾಯದಲ್ಲಿ ತೋರುವದು. ಕೆಲವು ಮನೆತನಗಳಲ್ಲಿ ವಂಶವಾಗಿ ಬರುವದು. ಮಾತಿನ ಚಲನೆಗಳನ್ನು ಮಿದುಳು ಹೊಂದಿಸುವ ರೀತಿಯಲ್ಲಿರುವ ವ್ಯತ್ಯಾಸವೇ ಇದಕ್ಕೆ ಮುಖ್ಯ ಕಾರಣ. ಅನೇಕ ಮಕ್ಕಳಲ್ಲಿ ತಾನಾಗಿ ಹೋಗುವದು. ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರಲ್ಲಿ ಉಳಿಯುವದು. ಭಯವು ಇದರ ಬೇರಲ್ಲ. ಆದರೆ ಆ ಬೇರಿಗೆ ನೀರೆರೆಯುವದು ಭಯವೇ. ನಗುವರೆಂಬ ಅಂಜಿಕೆಯಿಂದ ಗಂಟಲು ಬಿಗಿಯುವದು; ಬಿಗಿದಷ್ಟು ಮಾತು ನಿಲ್ಲುವದು; ನಿಂತಷ್ಟು ಅಂಜಿಕೆ ಬೆಳೆಯುವದು. ಕಷ್ಟವಾದ ಮಾತನ್ನು ಬಿಟ್ಟು ಬೇರೆ ಮಾತನ್ನು ಹುಡುಕಬಹುದು. ತನ್ನ ಹೆಸರಿಗೆ ಬದಲು ಬೇರೆ ಹೆಸರನ್ನು ಹೇಳಲಾಗುವದೇ? ನಮ್ಮ ಹಿರಿಯರು ರಾಗಿಯ ಹೊಲದಲ್ಲಿ ಉಳುತ್ತಿದ್ದಾಗ ಎತ್ತುಗಳು ಅವರ ಹೆಸರನ್ನು ಕೇಳಲಿಲ್ಲ. ಈಗಲಾದರೋ ಪೀಣ್ಯದ ಕಾರ್ಖಾನೆಯ ಬಾಗಿಲಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಸಂದರ್ಶನದಲ್ಲಿಯೂ ಮೊದಲು ಕೇಳುವದು ಹೆಸರನ್ನೇ. ಅಂಜಿ ಹಿಂದಿರುಗಿದವನು ಅನ್ನವನ್ನೇ ಕಳಕೊಳ್ಳುವನು.

ಮೋಶೆಗೆ ಬದಲಾಗಿ ಆರೋನನು ಮಾತಾಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಮೋಶೆಯೇ ಬೇಡಿಕೊಂಡ ಮೇಲೆ ಆರೋನನು ಕೊಡಲ್ಪಟ್ಟನು. ಕಡೆಯಲ್ಲಿ ಯೊರ್ದನಿನ ಬಳಿಯಲ್ಲಿ ಇಸ್ರಾಯೇಲ್ಯರೆಲ್ಲರಿಗೆ ದೀರ್ಘವಾಗಿ ಬೋಧಿಸಿದವನು ಬಾಯಿ ಮಂದವಾಗಿದ್ದ ಆ ಮೋಶೆಯೇ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯವನ್ನೂ ನೋಡಿರಿ. ಮಾತಾಡಲು ಕಷ್ಟಪಡುತ್ತಿದ್ದ ಕಿವುಡನ ನಾಲಿಗೆಯನ್ನು ಮುಟ್ಟುವದಕ್ಕೆ ಮುಂಚೆ ಕರ್ತನು ಅವನನ್ನು ಜನಸಂದಣಿಯ ಕಣ್ಣುಗಳಿಂದ ದೂರ ಕರಕೊಂಡು ಹೋದನು.

ಚಿಕಿತ್ಸೆ ಕೊಡುವವರೂ ಹೀಗೆಯೇ ಮೆಲ್ಲಮೆಲ್ಲಗೆ ನಡಿಸುವರು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದಕ್ಕೆ ಸಹಾಯವುಂಟು. ಮೃದುವಾಗಿ ಮಾತನ್ನು ಆರಂಭಿಸುವದು. ಮೊದಲು ಮನೆಯವರೊಡನೆ, ಆ ಮೇಲೆ ಅಂಗಡಿಯವನೊಡನೆ, ಆ ಮೇಲೆ ಫೋನಿನಲ್ಲಿ, ಕಡೆಗೆ ಸಭೆಯಲ್ಲಿ ಮಾತಾಡುವದು. “ನನಗೆ ಉಗ್ಗುಂಟು, ಸ್ವಲ್ಪ ತಾಳಿರಿ” ಎಂದು ಮರೆಮಾಡದೆ ಹೇಳುವದು, ಇವೇ ಅಭ್ಯಾಸಗಳು.

ಆದರೆ ಅರ್ಧ ಕೆಲಸವು ಕೇಳುವವರದು. ಅವನ ಮುಖವನ್ನು ಶಾಂತವಾಗಿ ನೋಡಿರಿ, ಮಾತನ್ನು ಕಸಕೊಳ್ಳಬೇಡಿರಿ, “ನಿಧಾನ, ಉಸಿರೆಳಕೋ” ಎನ್ನಬೇಡಿರಿ, ನಗಬಾರದೆಂದು ಮಕ್ಕಳಿಗೆ ಕಲಿಸಿರಿ.

ನಾವು ಆ ಯೌವನಸ್ಥನಿಂದ ಕ್ಷಮೆ ಬೇಡಿದೆವು. ಮೊದಲು ಒಬ್ಬ ಹಿರಿಯರೊಡನೆ ಒಂದೇ ಸ್ವರದಲ್ಲಿ ಓದುವೆನೆಂದು ಅವನೇ ಕೇಳಿಕೊಂಡನು. ಕೆಲವು ತಿಂಗಳಾದ ಮೇಲೆ ಒಬ್ಬನೇ ಓದಿದನು. ಐದಾರು ಸಾರಿ ತಡೆದನು, ಸಭೆಯು ಕಾದಿತು. ಉಗ್ಗು ಹೋಗಲಿಲ್ಲ, ಅಂಜಿಕೆ ಕಡಿಮೆಯಾಯಿತು. ಪ್ರಿಯರೇ, ಸಹೋದರನ ಮಾತಿಗಾಗಿ ಸುಮ್ಮನೆ ಕಾಯುವದೂ ಒಂದು ದಾನವೇ; ಬಡವರಾದ ನಮ್ಮ ಸಭೆಗಳು ಇದನ್ನು ಕೊಡಬಲ್ಲವು.