ಕಳ್ಳಿನ ಬದಲು ಬೊಂಡ

ಕನ್ಯಾನ, ವಿಟ್ಲದ ಕಡೆಯಿಂದ ಬೆಳ್ತಂಗಡಿ, ಮೂಡುಬಿದಿರೆಯವರೆಗೆ ಗುಳಿಗನಂಥ ದೈವಗಳಿಗೆ ಕಳ್ಳು ಒಪ್ಪಿಸುವುದು ಹಳೆಯ ಕ್ರಮ. ಬಂಟ್ವಾಳದ ಪಣೋಲಿಬೈಲಿನಲ್ಲಿ ಕಲ್ಲುರ್ಟಿ ದೈವಕ್ಕೆ ಕೋಳಿಯ ಅಗೆಲು (ಎಡೆ) ಇಂದಿಗೂ ಸಲ್ಲುತ್ತದೆ. ಇದೇ ಸೀಮೆಯ ಹಲವು ಮನೆಗಳಲ್ಲಿ ಮಾತ್ರ ಕಳ್ಳಿನ ಜಾಗಕ್ಕೆ ಬೊಂಡ, ಅಂದರೆ ಎಳನೀರು, ಬಂದಿದೆ. ಹಾಗಾದರೆ ಬದಲಿ ವಸ್ತುವಿನಿಂದ ಸಂದದ್ದು ಸೇವೆಯೇ, ಅಲ್ಲವೇ? ಕೊರತೆಯಿಂದ ಅಥವಾ ಕರುಣೆಯಿಂದ ಹುಟ್ಟಿದ ಬದಲಿ ಧರ್ಮವೇ; ನಾಚಿಕೆಯಿಂದ ಹುಟ್ಟಿದ್ದು ಧರ್ಮವಲ್ಲ ಎಂಬುದು ನನ್ನ ವಾದ.

ನಮ್ಮ ಮೀಮಾಂಸಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿ ದ್ರವ್ಯದ ವಿಚಾರವಿದೆ. ಯಾಗಕ್ಕೆ ಭತ್ತ ಸಿಗದಿದ್ದರೆ ಕಾಡುಭತ್ತವಾದ ನೀವಾರ ಆದೀತು, ಏಕೆಂದರೆ ಅದು ಭತ್ತವನ್ನು ಹೋಲುತ್ತದೆ. ನಿಷೇಧಿಸಿದ ಧಾನ್ಯ ಬದಲಿಯಾಗಿಯೂ ಸಲ್ಲದು. ದೇವತೆಗೆ, ಅಗ್ನಿಗೆ, ಮಂತ್ರಕ್ಕೆ ಬದಲಿಯೇ ಇಲ್ಲ. ಬದಲಿಯಾಗಿ ತಂದದ್ದೂ ಕೆಟ್ಟುಹೋದರೆ ಮುಂದೆ ಹುಡುಕಬೇಕಾದದ್ದು ಮೂಲವನ್ನು ಹೋಲುವುದನ್ನು, ಬದಲಿಯನ್ನು ಹೋಲುವುದನ್ನಲ್ಲ. ಈ ಕೊನೆಯ ನಿಯಮ ಬಹಳ ದೊಡ್ಡದು. ಬದಲಿಯ ಮೇಲೆ ಬದಲಿ ಬಂದರೂ ಕಣ್ಣು ಮೂಲದ ಮೇಲೆಯೇ ಇರಬೇಕೆಂದು ಅದು ಹೇಳುತ್ತದೆ.

ಯಾಗಶಾಲೆಯ ಹೊರಗೂ ಈ ತರ್ಕ ನಿಲ್ಲುತ್ತದೆ. ಬವೇರಿಯದ 1516ರ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಎಂದು ವಿಧಿಸಿತು. ಆ ನಾಡಿನ ತಿಳಿ ಬಿಯರನ್ನು ಬೇರೆ ಕಾಳಿನಿಂದ ಮಾಡಹೊರಟವರು ಮೊದಲು ಬಾರ್ಲಿ ಮಾಡುವ ಕೆಲಸವನ್ನು ಅರಿಯಬೇಕಾಗುತ್ತದೆ. ಮೊಳಕೆ ಬರಿಸಿದ ಬಾರ್ಲಿಯ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಅದರ ಹೊಟ್ಟು ರಸವನ್ನು ಸೋಸುತ್ತದೆ. ಗೋಧಿಗೆ ಹೊಟ್ಟಿಲ್ಲ. ಅಕ್ಕಿಯಲ್ಲಿ ಪಿಷ್ಟವಿದೆ, ಅದನ್ನು ಸಕ್ಕರೆಯಾಗಿಸುವ ಬಲವಿಲ್ಲ. ಬೇಯಿಸಿ ಬಾರ್ಲಿಯ ಜೊತೆ ಸೇರಿಸಬಹುದು, ಅದರ ಪೂರ್ತಿ ಜಾಗಕ್ಕೆ ತರಲಾಗದು. ಬಣ್ಣ, ರುಚಿ ಹೋಲಿದರೆ ಸಾಲದು. ಮೂಲದ ಕೆಲಸ ನಡೆಯಬೇಕು.

ಹಾಗಾದರೆ ದೈವದ ಮುಂದೆ ಕಳ್ಳಿನ ಕೆಲಸವೇನು? ದ್ರವ್ಯವಾಗಿ ನೋಡಿದರೆ ಬೊಂಡ ಅದಕ್ಕೆ ದೂರದ್ದಲ್ಲ. ತೆಂಗಿನ ಕಳ್ಳಾದರೆ ಎರಡೂ ಒಂದೇ ಮರದವು. ಆದರೆ ಕಳ್ಳಿನೊಂದಿಗೆ ಮರ ಹತ್ತಿ ಅದನ್ನು ಇಳಿಸಿದ ಮೂರ್ತೆದಾರನ ದುಡಿಮೆಯೂ ದೈವದ ಮುಂದೆ ಬರುತ್ತದೆ. ಊರಿನ ಕಟ್ಟಿನಲ್ಲಿ ಅವನ ಪಾಲು ಅದು. ಮೂರ್ತೆ ನಿಂತುಹೋದ ಊರಿನಲ್ಲಿ ಬೊಂಡ ಒಪ್ಪಿಸಿದರೆ ಅದು ನೀವಾರಕ್ಕೆ ಸಮ. ಕಳ್ಳು ದೊರೆಯುವಾಗಲೂ ‘ಸಾತ್ವಿಕ’ವಾಗಲೆಂದು ಅದನ್ನು ಹೊರಗಿಟ್ಟರೆ, ಹೊರಗುಳಿಯುವುದು ಕಳ್ಳಷ್ಟೇ ಅಲ್ಲ, ಅದನ್ನು ತರುತ್ತಿದ್ದವನು ಕೂಡ.

ಭಕ್ತಿಯಿದ್ದರೆ ಸಾಕು, ವಸ್ತು ಯಾವುದಾದರೇನು ಎನ್ನುವವರಿದ್ದಾರೆ. ಯಾವುದಾದರೂ ಆಗುವುದಾದರೆ ಕಳ್ಳೂ ಆಗಬೇಕಲ್ಲ. ಅದೊಂದನ್ನೇ ತೆಗೆಯುವ ಹಟವೇಕೆ? ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಮಧ್ವ ಪರಂಪರೆ ಯಜ್ಞಪಶುವಿನ ಬದಲು ಹಿಟ್ಟಿನ ಪಶುವನ್ನು ಒಪ್ಪಿತು, ಅಲ್ಲಿ ಪಶು ಸಿಗದ ಸ್ಥಿತಿಯೇನೂ ಇರಲಿಲ್ಲ. ನಿಜ. ಅಲ್ಲಿದ್ದ ಕಾರಣ ಜೀವದಯೆ. ಅದನ್ನು ಬಹಿರಂಗವಾಗಿ ವಾದಿಸಿ, ವಿರೋಧ ಎದುರಿಸಿ, ತಮ್ಮದೇ ಆಚರಣೆಯ ಮೇಲೆ ಹೇರಿಕೊಂಡರು. ಮೂರನೆಯದು ಇನ್ನೂ ಗಟ್ಟಿ: 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ, ಮೂರ್ತೆಯ ಸಮುದಾಯವೇ ಗುರುವೆಂದು ಕಾಣುವ ನಾರಾಯಣ ಗುರುಗಳೇ ಮದ್ಯವನ್ನು ಮಾಡಬೇಡಿ, ಕುಡಿಯಬೇಡಿ ಎಂದರು. ಕುಡಿತ ಮನೆ ಮುರಿಯುವುದನ್ನು ಕಂಡವರು ಆ ಮಾತನ್ನು ತಳ್ಳಿಹಾಕಲಾರರು. ಆದರೆ ಮೂರ್ತೆಯ ಕಸುಬಿನ ಸಮುದಾಯ ತನ್ನವರ ಹಿತಕ್ಕೆಂದು ತಾನೇ ಕಳ್ಳನ್ನು ಬಿಡುವುದು ಬೇರೆ, ಕಳ್ಳನ್ನೂ ಅದನ್ನು ಇಳಿಸಿದವನನ್ನೂ ಕೀಳೆಂದು ಎಣಿಸಿ ಇತರರು ಬಿಡಿಸುವುದು ಬೇರೆ.

ಆದ್ದರಿಂದ ದೈವಸ್ಥಾನದ ಹಿರಿಯರಲ್ಲಿ, ಗುತ್ತಿನ ಮನೆತನದವರಲ್ಲಿ ನನ್ನ ವಿನಂತಿ ಇಷ್ಟೇ. ಕ್ರಮ ಬದಲಿಸುವ ಮುನ್ನ ಆ ವಸ್ತುವನ್ನು ತಲೆಮಾರುಗಳಿಂದ ತಂದುಕೊಟ್ಟ ಮನೆಯವರನ್ನು ಕರೆದು ಕೇಳಿ. ಅವರು ಒಪ್ಪಿದರೆ ಬೊಂಡ ಒಪ್ಪಿಸಿ. ಒಪ್ಪದಿದ್ದರೆ ಕಳ್ಳೇ ಇರಲಿ.