ಕಲ್ಲಿನ ಕಾಲ, ನೀರಿನ ಹೊತ್ತು

"ನೂರು ವರ್ಷ ಆದ ಮೇಲೆ ಇದೆಲ್ಲ ಯಾರಿಗೆ ನೆನಪಿರುತ್ತೆ, ಬಿಡಿ" ಎಂಬ ಮಾತನ್ನು ಆಡದ ಮನೆ ಇಲ್ಲ. ಕೆಲವೊಮ್ಮೆ ಅದು ಸಮಾಧಾನ, ಕೆಲವೊಮ್ಮೆ ಬೇಸರ. ನನ್ನ ಗೆಳತಿಯೊಬ್ಬಳು ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡಳು. ಅವರು ತೀರಿಕೊಂಡ ಮೇಲೆ ಕೇಳಿದಳು: "ಇಷ್ಟು ಮಾಡಿದ್ದಕ್ಕೆ ಏನು ಗುರುತು ಉಳೀತು, ಹೇಳು?"

ಗುರುತು ಉಳಿಯುವುದೇ ಬೆಲೆಯಾದರೆ ಕಲ್ಲಿನ ಮುಂದೆ ನಾವೆಲ್ಲ ಸೋತವರೇ. ಹಳೇಬೀಡಿನ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಒಂಬೈನೂರು ವರ್ಷ ಎಂದು ನಾವು ಬೆರಗಾಗುತ್ತೇವೆ. ಆದರೆ ಹಾಸನ ಜಿಲ್ಲೆಯದೇ ಆದ ಗೊರೂರಿನ ಬಂಡೆಗಳ ವಯಸ್ಸು 300 ಕೋಟಿ ವರ್ಷ ಮೀರಿದೆ. ಭೂಮಿಯದು ಸುಮಾರು 450 ಕೋಟಿ.

ಈ ಲೆಕ್ಕ ನಮ್ಮ ತಲೆಗೆ ಹತ್ತುವಂಥದ್ದಲ್ಲ. ಭೂಮಿಯ ಆಯಸ್ಸನ್ನೆಲ್ಲ ಜನವರಿಯಿಂದ ಡಿಸೆಂಬರ್‌ವರೆಗಿನ ಒಂದೇ ವರ್ಷಕ್ಕೆ ಇಳಿಸಿ ನೋಡೋಣ. ಕಣ್ಣಿಗೆ ಕಾಣದ ಮೊದಲ ಜೀವಿಗಳು ಬಂದದ್ದು ಯುಗಾದಿಯ ಆಸುಪಾಸಿಗೆ. ಪ್ರಾಣಿಗಳು ಕಾಣಿಸಿಕೊಂಡದ್ದು ದೀಪಾವಳಿಯ ಹೊತ್ತಿಗೆ. ಡೈನೋಸಾರ್‌ಗಳು ಅಳಿದದ್ದು ಡಿಸೆಂಬರ್ 26ಕ್ಕೆ. ಮನುಷ್ಯ ಬಂದದ್ದು ಕೊನೆಯ ರಾತ್ರಿಯ ಕೊನೆಯ ಅರ್ಧ ಗಂಟೆಯಲ್ಲಿ. ಹೊಯ್ಸಳರಿಂದ ಇಲ್ಲಿಯವರೆಗೆ ಆರು ಸೆಕೆಂಡು. ಎಪ್ಪತ್ತು ವರ್ಷದ ಬಾಳು ಅರ್ಧ ಸೆಕೆಂಡು. ಹಾಗಾದರೆ ಆರು ವರ್ಷದ ಆರೈಕೆ ಸೊನ್ನೆಯೇ?

ಹಾಗೆನ್ನುವ ಮೊದಲು ಇನ್ನೊಂದು ಮಗ್ಗುಲು ನೋಡಬೇಕು. ಅದೇ ಮುದುಕಿಗೆ ಯಾರಾದರೂ ಆರು ವರ್ಷ ಅನ್ನ ನೀರು ಕೊಡದೆ ಗೋಳಾಡಿಸಿದ್ದರೆ? ಭೂಮಿಯ ಲೆಕ್ಕದಲ್ಲಿ ಅದೂ ಸೊನ್ನೆಯೇ ಆಗಬೇಕು. ಆದರೆ ನಾವ್ಯಾರೂ ಅದನ್ನು ಒಪ್ಪುವುದಿಲ್ಲ. ಕ್ರೌರ್ಯವನ್ನು ಕಾಲ ಚಿಕ್ಕದು ಮಾಡಲಾರದು ಎಂದಾದರೆ, ಕರುಣೆಯನ್ನೂ ಚಿಕ್ಕದು ಮಾಡಲಾರದು. ಒಂದಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಅಳತೆ ನ್ಯಾಯವಲ್ಲ.

ಬಂಡೆ 300 ಕೋಟಿ ವರ್ಷ ಮಲಗಿತ್ತು, ನಿಜ. ಅದಕ್ಕೆ ಬಾಯಾರಲಿಲ್ಲ, ಬೆನ್ನು ಹುಣ್ಣಾಗಲಿಲ್ಲ, ಮಗ್ಗುಲು ಬದಲಿಸಿದರೆ ಹಾಯೆನಿಸಲಿಲ್ಲ. ನೋವು, ಹಿತ ಎಂಬ ಮಾತಿಗೆ ಅರ್ಥ ಬಂದದ್ದೇ ಅವನ್ನು ಉಣ್ಣುವ ಜೀವ ಹುಟ್ಟಿದ ಮೇಲೆ. ಹಾಗಿರುವಾಗ ಒಂದು ಲೋಟ ಬಿಸಿನೀರಿನ ಬೆಲೆಯನ್ನು ಬಂಡೆಯ ವಯಸ್ಸಿನಿಂದ ಅಳೆಯುವುದು, ಹಾಲನ್ನು ಮೊಳ ಹಾಕಿ ಅಳೆದಂತೆ. ಅದನ್ನು ಅಳೆಯಬೇಕಾದವರು ಕುಡಿದವರು. ಅವರಿಗೆ ಆ ಗಳಿಗೆ ಅರ್ಧ ಸೆಕೆಂಡಿನ ಚೂರಲ್ಲ, ಇಡೀ ರಾತ್ರಿ.

ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯಿದೆ. ಸುತ್ತ ಪುಟ್ಟ ಪುಟ್ಟ ಗುಡಿಗಳು, ನಡುವೆ ನೀರಿಗಿಳಿಯುವ ಮೆಟ್ಟಿಲುಗಳು. ನೋಡಲು ಹೋದವರು ಗುಡಿಗಳ ಚೆಂದವನ್ನು ಹೊಗಳಿ ಬರುತ್ತೇವೆ. ಮೆಟ್ಟಿಲನ್ನೂ ಒಮ್ಮೆ ನೋಡಬೇಕು. ಬೇಸಿಗೆಯಲ್ಲಿ ನೀರು ಎಷ್ಟೇ ಕೆಳಗಿಳಿದರೂ ಇಳಿದವರ ಕೈಗೆ ಸಿಗಲಿ ಎಂದು ಅವನ್ನು ಕಟ್ಟಿದ್ದು. ಅಲ್ಲಿ ನೀರು ಮುಟ್ಟಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಆದರೂ ಅವರವರ ದಿನ ಅವರವರ ದಾಹ ತೀರಿತು.